ಸೆರಗು ಗೆದ್ದ ಮೂರು ನಕ್ಷತ್ರ

ಮಗಳ ಮನೆಯ ಹೊರಬಾಗಿಲಿನ ಬೀಗ ನನ್ನ ತಲೆಗಿಂತ ಒಂದು ಗೇಣು ಮೇಲಿತ್ತು. ಅದರಿಂದಲೇ ಶುರು ಮಾಡುತ್ತೇನೆ. ಆ ಒಂದು ವರ್ಷ ನಾನು ಹೆಚ್ಚು ನೋಡಿದ್ದು ಅದನ್ನೇ.

ಮುಂಬೈ ಪಕ್ಕದ ಠಾಣೆಯ ಘೋಡಬಂದರ್ ರಸ್ತೆಯಲ್ಲಿ ಅವರದು ಹದಿನೇಳನೆಯ ಮಹಡಿ. ಒಳಗೆ ಮರದ ಬಾಗಿಲು, ಅದರ ಹೊರಗೆ ಕಬ್ಬಿಣದ ಜಾಲರಿಯ ಸೇಫ್ಟಿ ಡೋರ್. ಮೊಮ್ಮಗಳು ಎರಡು ವರ್ಷದವಳಿದ್ದಾಗ ಒಮ್ಮೆ ತಾನೇ ಬಾಗಿಲು ತೆಗೆದುಕೊಂಡು ಹೋಗಿ ಲಿಫ್ಟಿನೊಳಗೆ ನಿಂತಿದ್ದಳಂತೆ. ವಾಚ್‌ಮನ್ ಎತ್ತಿಕೊಂಡು ಬಂದು ಕೊಟ್ಟನಂತೆ. ಮಾರನೆಯ ದಿನವೇ ಅಳಿಯ ಬಡಗಿಯನ್ನು ಕರೆಸಿ ಸೇಫ್ಟಿ ಡೋರಿನ ಬೀಗವನ್ನು ಮೇಲಕ್ಕೆ ಹಾಕಿಸಿದ. ಬಾಗಿಲು ಎಳೆದರೆ ತಾನೇ ಬೀಳುವ ಬೀಗ. ಹೊರಗಿನಿಂದ ತೆಗೆಯಲು ಕೀಲಿ ಬೇಕು, ಒಳಗಿನಿಂದಾದರೆ ಗುಂಡಿ ತಿರುಗಿಸಬೇಕು. ಆದರೆ ಬಾಗಿಲು ಅಷ್ಟು ವರ್ಷದಲ್ಲಿ ಸ್ವಲ್ಪ ಕೆಳಕ್ಕೆ ಇಳಿದಿತ್ತು. ಒಂದು ಕೈಯಲ್ಲಿ ಕೆಳಗಿನ ಹಿಡಿಯನ್ನು ಎತ್ತಿ ಹಿಡಿದು, ಅದೇ ಹೊತ್ತಿಗೆ ಇನ್ನೊಂದು ಕೈಯಲ್ಲಿ ಮೇಲಿನ ಗುಂಡಿ ತಿರುಗಿಸಿದರೆ ಮಾತ್ರ ತೆರೆಯುತ್ತಿತ್ತು. ಮೊಮ್ಮಗಳಿಗೆ ಆಗ ಹನ್ನೊಂದು ವರ್ಷ, ನನಗಿಂತ ಉದ್ದ. ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡೇ ಟಕ್ಕನೆ ತೆಗೆಯುತ್ತಿದ್ದಳು.

ನನಗೆ ಆಗುತ್ತಿರಲಿಲ್ಲ. ಬಲಗೈ ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ. ಎಡಗೈ ಮೇಲೆ ಕೊಟ್ಟರೆ ಬಾಗಿಲಿನ ಭಾರ ಬಲಗೈಗೆ ಬರುತ್ತದೆ, ಅದಕ್ಕೆ ಆ ಭಾರವೂ ಏಳದು. ಸ್ಟೂಲ್ ಹತ್ತಿದರೆ ಗುಂಡಿ ಸಿಗುತ್ತದೆ, ಕೆಳಗಿನ ಹಿಡಿ ಸಿಗುವುದಿಲ್ಲ. ಎಲ್ಲವನ್ನೂ ಮಾಡಿ ನೋಡಿದ್ದೇನೆ.

ಮಗಳು ಎಲ್ಲರ ಹತ್ತಿರ "ಅಮ್ಮನಿಗೆ ಒಂದು ಆಪರೇಷನ್ ಆಯ್ತು" ಎನ್ನುತ್ತಿದ್ದಳು. ಎಂಥ ಆಪರೇಷನ್ ಎಂದು ಕೇಳಿದರೆ ಅವಳು ಮಾತು ತಿರುಗಿಸುತ್ತಿದ್ದಳು, ನಾನು ಹೇಳಿಬಿಡುತ್ತಿದ್ದೆ. ಬಲಗಡೆಯ ಮೊಲೆ ತೆಗೆದರು. ಕಂಕುಳಿನ ಗಂಟುಗಳನ್ನೂ ತೆಗೆದರು. ಆಮೇಲೆ ಬಾಟಲಿಯ ಔಷಧಿ ಏರಿಸಿದರು, ಕೂದಲು ಹೋಯಿತು. ಆಮೇಲೆ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು, ಚರ್ಮ ಸುಟ್ಟ ಬದನೆಕಾಯಿಯ ಸಿಪ್ಪೆಯ ಹಾಗಾಯಿತು. ಎಲ್ಲ ಮುಗಿದ ಮೇಲೆ ಉಳಿದದ್ದು ಕೈ. ಕಂಕುಳಿನಿಂದ ಮೊಣಕೈವರೆಗೆ ಒಳಗೊಂದು ದಾರ ಎಳೆದು ಕಟ್ಟಿದ ಹಾಗೆ. ಎತ್ತಲು ಹೋದರೆ ದಾರ ಬಿಗಿಯುತ್ತಿತ್ತು.

ಬಾಯಲ್ಲಿ ಹೇಳಲು ನನಗೆ ನಾಚಿಕೆ ಇರಲಿಲ್ಲ. ಕಾಣಿಸಲು ಇತ್ತು. ಸೀರೆಯ ಸೆರಗನ್ನು ಹಿಂದಿನಿಂದ ಸುತ್ತಿ ತಂದು ಬಲ ಹೆಗಲಿನ ಮೇಲೆ ಇಳಿಬಿಟ್ಟು ಅದರ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ. ಬೇಸಿಗೆಯಲ್ಲೂ ಹಾಗೇ. ಮಗಳು ಮುಂದೆ ಗುಂಡಿ ಇರುವ ಎರಡು ನೈಟಿ ತಂದಿದ್ದಳು. ಆಸ್ಪತ್ರೆಯಲ್ಲಿ ಬೇರೆ ದಾರಿ ಇಲ್ಲದೆ ಹಾಕಿದೆ. ಮನೆಗೆ ಬಂದ ದಿನ ಮಡಿಚಿ ಕಪಾಟಿನ ತಳಕ್ಕೆ ಇಟ್ಟೆ.

ನನ್ನ ಮನೆ ಡೊಂಬಿವಲಿಯಲ್ಲಿ. ಹಳೆಯ ಕಟ್ಟಡ, ಮೊದಲನೆಯ ಮಹಡಿ, ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಎಲ್ಲರಿಗೂ ಸೇರಿದ ಉದ್ದದ ಗ್ಯಾಲರಿ. ಕುಂದಾಪುರದ ಕಡೆಯಿಂದ ಮದುವೆಯಾಗಿ ಅಲ್ಲಿಗೆ ಬಂದವಳು. ನನ್ನ ಗಂಡ ಕಲ್ಯಾಣದಲ್ಲಿ ಹೋಟೆಲಿನ ಅಡುಗೆಯವರು, ತೀರಿಹೋಗಿ ಬಹಳ ವರ್ಷವಾಯಿತು. ಆ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ, ಅದು ನನಗೆ ಕಷ್ಟವಾಗಿರಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ರಾತ್ರಿಯವರೆಗೂ ತೆರೆದೇ ಇರುತ್ತಿತ್ತು. ಯಾರಾದರೂ ಒಂದು ಬಟ್ಟಲು ಹಿಡಿದು ಒಳಗೆ ಬರುತ್ತಿದ್ದರು, ಇಲ್ಲವೆ ನಾನು ಹೋಗುತ್ತಿದ್ದೆ. ಆಪರೇಷನ್ ಆದ ಮೇಲೆ ಮಗಳು ಹೇಳಿದ್ದು ಒಂದೇ ಮಾತು: "ಕೈ ಕಿವಿ ಮುಟ್ಟುವವರೆಗೆ ನೀ ಅಲ್ಲಿಗೆ ಹೋಪುದು ಬೇಡ ಅಮ್ಮ. ಒಬ್ಬಳೇ ತಲೆ ಬಾಚ್ಲಿಕ್ಕೆ ಆತಿಲ್ಲ, ರವಿಕೆ ಹಾಕ್ಲಿಕ್ಕೆ ಆತಿಲ್ಲ. ಅಲ್ಲಿ ಯಾರು ಕಾಂಬುದು?"

ಮಾತು ಸರಿಯಾಗೇ ಇತ್ತು. ಅದಕ್ಕೇ ಸಿಟ್ಟು ಬಂತು.

ಮೊದಮೊದಲು ವಾರಕ್ಕೆರಡು ಸಲ ಠಾಣೆಯ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಕೈಗೆ ವ್ಯಾಯಾಮ ಮಾಡಿಸುವ ಮರಾಠಿ ಹುಡುಗಿ ಒಬ್ಬಳು ಇದ್ದಳು. ಸಣ್ಣ ಪ್ರಾಯ, ಗಟ್ಟಿ ಬೆರಳು. ಮಕ್ಕಳ ಕಂಪಾಸು ಪೆಟ್ಟಿಗೆಯಲ್ಲಿ ಕೋನ ಅಳೆಯುವುದು ಇರುತ್ತದಲ್ಲ, ಅಂಥದೇ ದೊಡ್ಡ ಅಳತೆಗೋಲು ಹೆಗಲಿಗೆ ಹಿಡಿದು ಕೈ ಎಷ್ಟು ಎದ್ದಿತು ಎಂದು ಬರೆದುಕೊಳ್ಳುತ್ತಿದ್ದಳು. "ಆಜೀ, ಅಜೂನ್ ಥೋಡಾ ವರ್," ಇನ್ನೂ ಸ್ವಲ್ಪ ಮೇಲೆ, ಎನ್ನುವುದು ಅವಳ ಬಾಯಿಪಾಠ. ನಾನು ಹಲ್ಲು ಕಚ್ಚಿ "ವರ್ ದೇವ್ ಆಹೆ, ತಿಥೇ ಜಾವೂ ಕಾ?" ಎಂದೆ ಒಂದು ದಿನ. ಮೇಲೆ ದೇವರಿದ್ದಾನೆ, ಅಲ್ಲಿಗೇ ಹೋಗಲೇ? ಅವಳು ನಕ್ಕಳು, ಆದರೆ ಕೈ ಬಿಡಲಿಲ್ಲ.

ಮನೆಯಲ್ಲಿ ಮಾಡಲು ಗೋಡೆಯ ವ್ಯಾಯಾಮ ಹೇಳಿಕೊಟ್ಟಿದ್ದಳು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಜೇಡದ ಹಾಗೆ ಮೇಲಕ್ಕೆ ಹತ್ತಿಸಬೇಕು, ಎಲ್ಲಿಗೆ ಮುಟ್ಟಿತೋ ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಹಾಕಬೇಕು. ಮಗಳ ಮನೆಯ ಗೋಡೆಗೆ ಆಗಷ್ಟೇ ಬಣ್ಣ ಹೊಡೆಸಿದ್ದರು. ನಾನು ಮೂರು ಗೆರೆ ಹಾಕಿದ್ದೆ. ಸಂಜೆ ಮಗಳು ಒದ್ದೆ ಬಟ್ಟೆ ತಂದು ಅವನ್ನು ಒರೆಸಿದಳು. ನಾಲ್ಕನೆಯ ಗೆರೆ ನಾನು ಹಾಕಲಿಲ್ಲ.

ಆಗ ಬಂತು ಪೆಟ್ಟಿಗೆಯ ಮಾತು. ಮೊಮ್ಮಗಳ ಹುಟ್ಟುಹಬ್ಬಕ್ಕೆ ಅಳಿಯ ಒಂದು ಆಟದ ಪೆಟ್ಟಿಗೆ ತಂದಿದ್ದ. ಟೀವಿಯ ಕೆಳಗೆ ಇಡುವಂಥದು, ಕ್ಯಾಮೆರಾದ ಕಪ್ಪು ಕಣ್ಣಿನದು. ಕೈಯಲ್ಲಿ ಹಿಡಿಯಲು ಏನೂ ಇಲ್ಲ. ಎದುರು ನಿಂತು ಕೈಕಾಲು ಆಡಿಸಿದರೆ ಟೀವಿಯಲ್ಲಿ ಒಂದು ನೆರಳು ಹಾಗೇ ಆಡುತ್ತದೆ. ಆಸ್ಪತ್ರೆಯಲ್ಲೂ ಅಂಥದೇ ಒಂದು ಇಟ್ಟಿದ್ದರು. ಮನೆಯಲ್ಲಿ ಇದೆ ಎಂದು ಅಳಿಯ ಹೇಳಿದ್ದೇ ಆ ಹುಡುಗಿಗೆ ಖುಷಿಯಾಯಿತು. ಹಾಗಾದರೆ ದಿನಾ ಅರ್ಧ ಗಂಟೆ ಮನೆಯಲ್ಲೇ ಆಡಲಿ, ಇಲ್ಲಿಗೆ ತಿಂಗಳಿಗೆ ಒಮ್ಮೆ ಬಂದರೆ ಸಾಕು, ಅಳತೆ ನೋಡುತ್ತೇನೆ ಎಂದಳು.

ಅವರಿಗೆಲ್ಲ ಒಳ್ಳೆಯದೇ ಆಯಿತು. ಮಗಳಿಗೆ ಐರೋಲಿಯಲ್ಲಿ ಆಫೀಸು, ಅಳಿಯನಿಗೆ ವಾಶಿಯಲ್ಲಿ. ವಾರಕ್ಕೆರಡು ಸಲ ರಜೆ ಹಾಕುವುದು ತಪ್ಪಿತು. ನನಗೆ ಆ ಎರಡು ದಿನದ ರಿಕ್ಷಾ, ರಸ್ತೆ, ಸಿಗ್ನಲಿನಲ್ಲಿ ಮೊಗ್ಗು ಮಾರುವವಳ ಜೊತೆ ಜಗಳ, ಎಲ್ಲ ತಪ್ಪಿತು. ಪೆಟ್ಟಿಗೆ ಬಂದದ್ದು ಕೈ ಎತ್ತಿಸಲು. ಮೊದಲು ಮಾಡಿದ್ದು ನನ್ನನ್ನು ಪೂರ್ತಿ ಒಳಗೆ ಹಾಕಿದ್ದು.

"ಬಾಗಿಲಿನ ಬೀಗವಾದರೂ ಕೆಳಗೆ ಹಾಕಿಸಿ," ಎಂದು ಅಳಿಯನಿಗೆ ಹೇಳಿದೆ. "ಬೆಂಕಿಗಿಂಕಿ ಬಿದ್ದರೆ ನಾನು ಎಂತ ಮಾಡುದು?"

ಅಳಿಯ ಮೈಸೂರಿನವನು. ಮಾತು ಬಹಳ ಮೃದು. "ಅಯ್ಯೋ ಅತ್ತೆ, ಯಾಕೆ ಹಾಗೆಲ್ಲ ಯೋಚನೆ ಮಾಡ್ತೀರಾ? ಇಂಟರ್‌ಕಾಮ್ ಒತ್ತಿ, ಸೆಕ್ಯುರಿಟಿ ಬರ್ತಾನೆ. ಆದ್ರೂ ಭಾನುವಾರ ಕಾರ್ಪೆಂಟರ್‌ನ ಕರೆಸೋಣ ಬಿಡಿ."

ಭಾನುವಾರಗಳು ಬಂದವು. ಬಡಗಿ ಬರಲಿಲ್ಲ. ನಾನು ಮತ್ತೆ ಕೇಳಲಿಲ್ಲ. ಕೇಳಬೇಕಿತ್ತು.

ಆಟ ಹೀಗಿತ್ತು. ಟೀವಿಯಲ್ಲಿ ಬಲೂನುಗಳು ಮೂರು ಸಾಲು. ಕೆಳಗಿನದು ಸೊಂಟಕ್ಕೆ, ನಡುವಿನದು ಹೆಗಲಿಗೆ, ಮೇಲಿನದು ತಲೆಯ ಮೇಲಕ್ಕೆ. ಬಲಗೈಯಲ್ಲಿ ಒಡೆಯಬೇಕು. ಒಂದು ಸಾಲು ಒಡೆದರೆ ಒಂದು ನಕ್ಷತ್ರ. ನಾನು ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು, ಟೀವಿಯ ಇಂಗ್ಲಿಷು ನನಗೆ ಬಾರದು, ಆದರೆ ನಕ್ಷತ್ರ ಎಣಿಸಲು ಬರುತ್ತದೆ. ಆಟದ ನಡುವೆ ಪೆಟ್ಟಿಗೆ ತಾನೇ ಫೋಟೊ ಬೇರೆ ತೆಗೆಯುತ್ತಿತ್ತು. ಅದನ್ನು ಕೊನೆಗೆ ತೋರಿಸುತ್ತಿತ್ತು. ಅದು ಶುರುವಾಗುವ ಮೊದಲೇ ನಾನು ಟೀವಿ ಆರಿಸಿ ಅಡುಗೆಮನೆಗೆ ಹೋಗುತ್ತಿದ್ದೆ.

ಸಂಜೆ ಮೊಮ್ಮಗಳು ಪಕ್ಕದಲ್ಲಿ ನಿಂತು ಕೂಗುತ್ತಿದ್ದಳು. ಅವಳಿಗೆ ನಮ್ಮ ಮಾತು ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. "ಅಮ್ಮಮ್ಮಾ, ಹಾಥ್ ಊಪರ್! ಔರ್ ಊಪರ್! ಅರೇ, ಮರ್ ಗಯಾ ಬಲೂನ್!"

"ಬಲೂನು ಸತ್ರೆ ಸಾಯ್ಲಿ, ಅದಕ್ಕೆ ನಾನೂ ಸಾಯ್ಬೇಕಾ?" ಎನ್ನುತ್ತಿದ್ದೆ.

ಎರಡು ತಿಂಗಳು ಆಡಿದರೂ ಎರಡು ನಕ್ಷತ್ರಕ್ಕೆ ನಿಂತಿತು. ಆಸ್ಪತ್ರೆಯ ಅಳತೆಗೋಲೂ ಹೆಗಲಿನ ಮಟ್ಟಕ್ಕೇ ನಿಂತಿತು. ಮನೆಯವರೆಲ್ಲ ಹೊರಟ ಮೇಲೆ ಬೆಳಿಗ್ಗೆ ಒಂಬತ್ತರಿಂದ, ಮಧ್ಯಾಹ್ನ ಎರಡೂವರೆಗೆ ಮೊಮ್ಮಗಳು ಶಾಲೆಯಿಂದ ಬರುವವರೆಗೆ, ಮನೆಯಲ್ಲಿ ನಾನು, ಫ್ರಿಜ್ಜಿನ ಸದ್ದು, ಜಾಲರಿಯ ಆಚೆ ಲಿಫ್ಟಿನ ಬಾಗಿಲು. ಕಿಟಕಿಯಿಂದ ಕೆಳಗೆ ನೋಡಿದರೆ ಜನ ಇರುವೆಯಷ್ಟು. ಮಾತು ಕೇಳಿಸುವುದಿಲ್ಲ. ಜಗಳವಾಡುತ್ತಿದ್ದಾರೋ ನಗುತ್ತಿದ್ದಾರೋ ಗೊತ್ತಾಗುವುದಿಲ್ಲ. ಜೈಲಿನಲ್ಲಾದರೂ ಪಕ್ಕದಲ್ಲಿ ಇನ್ನೊಬ್ಬ ಕಳ್ಳ ಇರುತ್ತಾನೆ.

ಮಗಳಿಗೆ ಒಂದು ದಿನ ನನ್ನ ಮುಖ ನೋಡಿ ಏನನ್ನಿಸಿತೋ. "ಮೂರು ನಕ್ಷತ್ರ ಬಂದ ವಾರ ನಿನ್ನ ಡೊಂಬಿವಲಿಗೆ ಬಿಡ್ತೆ," ಎಂದಳು. "ಸತ್ಯವಾಗಿಯೂ. ಇನ್ನು ಜಿದ್ ಮಾಡ್ಬೇಡ."

ಅದಾದ ನಾಲ್ಕು ದಿನಕ್ಕೆ ಆ ಸಂಗತಿ ನಡೆಯಿತು. ಹಗಲಲ್ಲಿ ಒಬ್ಬಳೇ ಆಡುತ್ತಿದ್ದೆ, ಪೆಟ್ಟಿಗೆ ಹಚ್ಚಲು ಮೊಮ್ಮಗಳು ಕಲಿಸಿದ್ದಳು. ಬಲ ಹೆಗಲಿನ ಮೇಲಿನ ಸೆರಗು ಜಾರಿತು. ಬೀಳಬಾರದೆಂದು ಎಡಗೈಯನ್ನು ಸೆರಗಿನ ಒಳಗಿನಿಂದ ಹಾಕಿ ಅದನ್ನು ಮೇಲಕ್ಕೆ ಎತ್ತಿದೆ. ಟೀವಿಯ ನೆರಳಿನ ಬಲಗೈ ತಲೆಯ ಮೇಲಕ್ಕೆ ಹೋಯಿತು. ಮೇಲಿನ ಸಾಲಿನ ಬಲೂನು ಟಪ್ಪೆಂದು ಒಡೆಯಿತು.

ನಾನು ನನ್ನ ಬಲಗೈ ನೋಡಿಕೊಂಡೆ. ಅದು ಹೊಟ್ಟೆಯ ಹತ್ತಿರವೇ ಇತ್ತು. ಪೆಟ್ಟಿಗೆಗೆ ಸೀರೆ ಗೊತ್ತಿಲ್ಲ. ಅದನ್ನು ಮಾಡಿದವರ ಊರಿನಲ್ಲಿ ಹೆಂಗಸರು ಸೆರಗು ಹೊದ್ದು ಆಡುವುದಿಲ್ಲ. ಬಟ್ಟೆ ಎದ್ದರೆ ಅದಕ್ಕೆ ಕೈ ಎದ್ದ ಹಾಗೆ.

ಮತ್ತೆ ಎತ್ತಿದೆ. ಮತ್ತೆ ಒಡೆಯಿತು.

ಆ ವಾರ ಸಂಜೆಯ ಆಟದಲ್ಲೂ ಹಾಗೇ ಮಾಡಿದೆ. ಮೊಮ್ಮಗಳ ಕಣ್ಣು ಟೀವಿಯ ಮೇಲೆ ಇರುತ್ತಿತ್ತು, ನನ್ನ ಮೇಲಲ್ಲ. ಮೂರು ನಕ್ಷತ್ರ ಬಂತು. ಮನೆಯೆಲ್ಲ ಕೂಗಾಟ. ಮಗಳು ಮೊಬೈಲಿನಲ್ಲಿ ನಕ್ಷತ್ರದ ಫೋಟೊ ತೆಗೆದು ಆಸ್ಪತ್ರೆಯ ಹುಡುಗಿಗೆ ಕಳಿಸಿದಳು. ಅಳಿಯ ಕೈ ಕುಲುಕಲು ಬಂದವನು ಯಾವ ಕೈ ಎಂದು ತಿಳಿಯದೆ ನಮಸ್ಕಾರ ಮಾಡಿದ. ನನಗೆ ನಾಚಿಕೆಯಾಗಲಿಲ್ಲ. ಸುಳ್ಳು ಹೇಳಿ ಹೊರಗೆ ಹೋಗುವುದಾದರೆ ಸುಳ್ಳೇ ಸೈ ಅನ್ನಿಸಿತ್ತು. ಇನ್ನೂ ಒಂದು ಹೇಳಬೇಕು. ದಿನಾ ಆ ಮೂರು ನಕ್ಷತ್ರ ನೋಡಿ ನೋಡಿ, ಕೈ ಸ್ವಲ್ಪ ಎದ್ದಿರಬಹುದು ಎಂದು ನಾನೂ ನಂಬಿದ್ದೆ. ಮಾಡಿದ ಮೋಸಕ್ಕೆ ಮೊದಲು ಬಿದ್ದವಳು ನಾನು.

ಭಾನುವಾರ ಕಾರಿನಲ್ಲಿ ಡೊಂಬಿವಲಿಗೆ ಹೊರಟೆವು. ಬೀಗ ತೆಗೆದರೆ ಒಳಗೆ ಮುಗ್ಗಲು ವಾಸನೆ. ನನಗೆ ಅದೇ ಹಿತವಾಯಿತು. ಎದುರು ಕೋಣೆಯಾಕೆ ಓಡಿ ಬಂದಳು. ಆಕೆ ಕಲಬುರ್ಗಿಯ ಕಡೆಯವಳು, ಬಾಯಿ ದೊಡ್ಡದು. "ಬಂದ್ರೇನ್ರೀ ಅಕ್ಕಾರ! ಸತ್ತೇ ಹೋದ್ರೇನೋ ಅಂತ ಮಾಡಿದ್ದೆ ನಾನು."

"ಸತ್ತಿದ್ರೆ ನಿನಗೆ ಹೇಳಿ ಕಳಿಸ್ತಿರ್ಲಿಲ್ವಾ?" ಎಂದೆ.

ಅಳಿಯನಿಗೆ ಗ್ಯಾಲರಿಯಲ್ಲಿ ಕುರ್ಚಿ ಹಾಕಿ ಆಕೆ ಅವಲಕ್ಕಿ ಕೊಟ್ಟಳು. ನನಗೆ ಕೂರಲು ಆಗಲಿಲ್ಲ. ಮಗಳು ನೋಡುತ್ತಿದ್ದಾಳೆ, ಏನಾದರೂ ಮಾಡಿ ತೋರಿಸಬೇಕು. ಮುಗ್ಗಲು ಹಿಡಿದ ಒಂದು ಸೀರೆ ತೆಗೆದು ನೀರಿನಲ್ಲಿ ಜಾಲಿಸಿ ಹಿಂಡಿ ತಂದೆ. ನಮ್ಮಲ್ಲಿ ಬಟ್ಟೆ ಒಣಗಿಸುವುದು ಗ್ಯಾಲರಿಯ ಚಾವಣಿಗೆ ಕಟ್ಟಿದ ಸರಳಿನ ಮೇಲೆ. ಅಷ್ಟು ಎತ್ತರಕ್ಕೆ ಯಾರ ಕೈಯೂ ಹೋಗದು. ಮಡಿಚಿದ ಸೀರೆಯನ್ನು ಉದ್ದದ ಕೋಲಿನ ತುದಿಗೆ ಸಿಕ್ಕಿಸಿ, ಎರಡು ಕೈಯಲ್ಲಿ ಮೇಲೆತ್ತಿ, ಸರಳಿನ ಆಚೆಗೆ ಒಂದು ತಳ್ಳು ತಳ್ಳಿದರೆ ಅದು ದಾಟಿ ಬೀಳುತ್ತದೆ. ಆಮೇಲೆ ಕೋಲಿನಲ್ಲೇ ಬಿಡಿಸುತ್ತ ಹೋಗಬೇಕು. ನಲವತ್ತು ವರ್ಷ ಮಾಡಿದ ಕೆಲಸ. ಕಣ್ಣು ಮುಚ್ಚಿ ಮಾಡುತ್ತಿದ್ದೆ.

ಕೋಲು ಎತ್ತಿದೆ. ಹೆಗಲಿನವರೆಗೆ ಬಂತು. ಅಲ್ಲಿಗೆ ದಾರ ಎಳೆಯಿತು. ಎಡಗೈ ಒಂದೇ ಮೇಲೆ ಹೋಯಿತು, ಕೋಲು ಓರೆಯಾಯಿತು, ಒದ್ದೆ ಸೀರೆ ಜಾರಿ ಅಳಿಯನ ತಲೆ, ಅವನ ಅವಲಕ್ಕಿ ಎರಡರ ಮೇಲೂ ಬಿತ್ತು.

ಗ್ಯಾಲರಿಯಲ್ಲಿ ಎಲ್ಲರೂ ನಕ್ಕರು. ಅಳಿಯನೂ ಸೀರೆಯ ಒಳಗಿನಿಂದ "ಪರವಾಗಿಲ್ಲ ಅತ್ತೆ, ಪರವಾಗಿಲ್ಲ" ಎಂದ. ಮಗಳು ನಗಲಿಲ್ಲ. ಕಲಬುರ್ಗಿಯಾಕೆ ನನ್ನ ಕೈ ನೋಡಿ ಹೇಳಿಯೇಬಿಟ್ಟಳು: "ಯವ್ವಾ, ಕೈ ಮ್ಯಾಲ ಹೋಗವಲ್ದಲ್ರೀ! ಹಿಂಗಿದ್ದಾಗ ಒಬ್ರನ್ನೇ ಹೆಂಗ ಬಿಟ್ಟು ಹೋಗ್ತೀರಿ?"

ಆ ಸಂಜೆಯೇ ವಾಪಸು. ಮನೆಗೆ ಬಂದು ಸೇಫ್ಟಿ ಡೋರ್ ಬೆನ್ನ ಹಿಂದೆ ಟಕ್ ಎಂದು ಬಿದ್ದ ಮೇಲೆ ಮಗಳು ಕೇಳಿದಳು. "ಮೂರು ನಕ್ಷತ್ರ ಹ್ಯಾಂಗೆ ಬಂತು?"

ನಾನು ಹೇಳುವ ಮೊದಲೇ ಮೊಮ್ಮಗಳು ಪೆಟ್ಟಿಗೆ ಹಚ್ಚಿದಳು. ಅದು ತೆಗೆದ ಫೋಟೊಗಳೆಲ್ಲ ಒಳಗೆ ಇದ್ದವು. ಒಂದಾದ ಮೇಲೊಂದು ಟೀವಿಯ ತುಂಬ ನಾನೇ. ಬಲಗಡೆ ಸೆರಗು ಗುಡಾರದ ಹಾಗೆ ಎದ್ದು ನಿಂತಿದೆ, ಅದರ ಒಳಗೆ ಎಡಗೈ. ಮುಖದಲ್ಲಿ ಕಳ್ಳ ನಗು.

"ಅಮ್ಮಮ್ಮಾ, ಯೇ ತೋ ಚೀಟಿಂಗ್ ಹೈ," ಎಂದಳು ಮೊಮ್ಮಗಳು. ಅವಳಿಗೆ ಬೇಸರವಾಗಿದ್ದು ಆಟದಲ್ಲಿ ಮೋಸ ಮಾಡಿದ್ದಕ್ಕೆ. ಮಗಳಿಗೆ ಬೇರೆಯದಕ್ಕೆ.

"ಇಲ್ಲಿ ನಿಂಗೆ ಎಂತ ಕಮ್ಮಿ ಮಾಡಿದ್ದೇವೆ ಅಂತ?" ಎಂದಳು. "ನಮ್ಮ ಕೈಯಿಂದ ತಪ್ಪಿಸ್ಕೊಂಡು ಹೋಪುದಕ್ಕೆ ಇಷ್ಟು ಆಟವಾ? ಅಲ್ಲಿ ಬಿದ್ದು ಕೈ ಮುರಿದ್ರೆ ಯಾರು ಬಪ್ಪುದು, ಈ ನಕ್ಷತ್ರ ಬತ್ತದಾ?"

ಡೊಂಬಿವಲಿಯ ಕೀಲಿ ಅವಳ ಕಪಾಟಿಗೆ ಹೋಯಿತು. ಇನ್ನು ಸಂಜೆಯ ಆಟ ನೈಟಿಯಲ್ಲೇ, ತನ್ನ ಕಣ್ಣೆದುರೇ ಎಂದಳು. ಆಗುವುದಿಲ್ಲ ಎಂದೆ. ಅಳಿಯನ ಎದುರು ಹಾಗೆ ನಿಲ್ಲುವುದಕ್ಕಿಂತ ಕೈ ಕೊಳೆತು ಹೋಗಲಿ ಎಂದೂ ಹೇಳಿದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ವಾರ ಪೆಟ್ಟಿಗೆಯ ಮೇಲೆ ಧೂಳು ಕೂತಿತು.

ಆ ವಾರ ದಾರ ಇನ್ನೂ ಬಿಗಿಯಿತು. ತಟ್ಟೆ ಎತ್ತುವಾಗಲೂ ಎಳೆಯುತ್ತಿತ್ತು. ಹೀಗೇ ಬಿಟ್ಟರೆ ಈ ಕೈ ಹೊಟ್ಟೆಯ ಮುಂದೆ ಹೀಗೇ ಒಣಗುತ್ತದೆ, ನಾನು ಈ ಜಾಲರಿಯ ಹಿಂದೆ ಸಾಯುತ್ತೇನೆ ಎಂದು ನನಗೆ ಸರಿಯಾಗಿ ಅರ್ಥವಾಯಿತು. ಮಗಳ ಮೇಲಿನ ಸಿಟ್ಟಿಗೆ ಕೈ ಏಳುವುದಿಲ್ಲ.

ಮೊಮ್ಮಗಳನ್ನು ಕರೆದೆ. "ಆ ಫೋಟೊ ತೆಗೆಯುದನ್ನು ಬಂದ್ ಮಾಡ್ಲಿಕ್ಕೆ ಆಗ್ತದಾ?"

"ಹೋತಾ ಹೈ ನಾ. ಕ್ಯೋಂ?"

"ಯಾಕಂತ ಕೇಳ್ಬೇಡ. ಮಾಡು."

"ಚೀಟಿಂಗ್ ನಹೀಂ ಕರೋಗಿ? ಪ್ರಾಮಿಸ್?"

"ಇಲ್ಲ ಮಾರಾಯ್ತಿ. ಇನ್ನು ಮೋಸ ಮಾಡ್ಲಿಕ್ಕೆ ಸೆರಗೇ ಇರುದಿಲ್ಲ."

ಮಾರನೆಯ ದಿನ ಎಲ್ಲರೂ ಹೋದ ಮೇಲೆ ಹಾಲ್‌ನ ಪರದೆಗಳನ್ನೆಲ್ಲ ಎಳೆದೆ. ಹದಿನೇಳನೆಯ ಮಹಡಿಯೊಳಗೆ ಕಾಗೆ ಬಿಟ್ಟರೆ ಇಣುಕುವವರಿಲ್ಲ, ಆದರೂ ಎಳೆದೆ. ಕಪಾಟಿನ ತಳದಿಂದ ನೈಟಿ ತೆಗೆದು ಹಾಕಿಕೊಂಡೆ. ಟೀವಿ ಹಚ್ಚುವ ಮೊದಲು ಅದರ ಕಪ್ಪು ಗಾಜಿನಲ್ಲಿ ನಾನು ಕಂಡೆ. ಒಂದು ಕಡೆ ಇತ್ತು, ಒಂದು ಕಡೆ ಇರಲಿಲ್ಲ. ಸ್ವಲ್ಪ ಹೊತ್ತು ನೋಡಿದೆ. ಅದಕ್ಕಿಂತ ಹೆಚ್ಚು ನೋಡಲು ಅಲ್ಲಿ ಏನೂ ಇರಲಿಲ್ಲ. ಆಟ ಹಚ್ಚಿದೆ.

ಸೆರಗಿಲ್ಲದಿದ್ದರೆ ಪೆಟ್ಟಿಗೆ ಬಹಳ ಖಡಕ್ಕು. ಕೈ ಎಷ್ಟು ಎದ್ದಿತೋ ನೆರಳೂ ಅಷ್ಟೇ ಎತ್ತುತ್ತದೆ, ಒಂದು ಕೂದಲೆಳೆ ಹೆಚ್ಚಿಲ್ಲ. ಮೊದಲ ದಿನ ಎರಡನೆಯ ಸಾಲೂ ಪೂರ್ತಿಯಾಗಲಿಲ್ಲ. ಸೊಂಟ ಓರೆ ಮಾಡಿದರೆ, ಹೆಗಲು ಕುಣಿಸಿದರೆ ಆಸ್ಪತ್ರೆಯ ಹುಡುಗಿಗೂ ಗೊತ್ತಾಗುತ್ತಿತ್ತು, ಇದಕ್ಕೂ ಗೊತ್ತಾಯಿತು. ಬೆಳಿಗ್ಗೆ ಒಂದು ಸಲ, ಹನ್ನೊಂದಕ್ಕೆ ಒಂದು ಸಲ, ಊಟಕ್ಕೆ ಮೊದಲು ಒಂದು ಸಲ. ನೋವಾದಾಗ ತುಳುವಿನಲ್ಲಿ, ಮರಾಠಿಯಲ್ಲಿ, ಕನ್ನಡದಲ್ಲಿ ಬೈದೆ. ಬೈಗುಳಕ್ಕಾಗಿ ನಮ್ಮ ಗ್ಯಾಲರಿಯಲ್ಲಿ ಎಲ್ಲ ಭಾಷೆಯೂ ಸಿಗುತ್ತಿತ್ತು. ಬಲೂನುಗಳು ಸುಮ್ಮನೆ ತೂಗಾಡುತ್ತಿದ್ದವು. ಪ್ರತಿದಿನ ಆಟ ಮುಗಿದ ಮೇಲೆ ಬಾಗಿಲಿನ ಹತ್ತಿರ ಹೋಗುತ್ತಿದ್ದೆ. ಎಡಗೈ ಕೆಳಗಿನ ಹಿಡಿಗೆ, ಬಲಗೈ ಮೇಲಕ್ಕೆ. ಮೊದಲು ಗುಂಡಿಗೆ ಎರಡು ಗೇಣು ದೂರ. ಆಮೇಲೆ ನಾಲ್ಕು ಬೆರಳು. ಆಮೇಲೆ ಬಹಳ ದಿನ ಎರಡು ಬೆರಳು. ಸಂಜೆ ಮಗಳು ಬರುವ ಹೊತ್ತಿಗೆ ಸೀರೆ ಉಟ್ಟು, ಸೆರಗು ಹೊದ್ದು ಕೂತಿರುತ್ತಿದ್ದೆ. ಹೇಳಲಿಲ್ಲ. ಹೇಳಿದರೆ ಯಾರು ನಂಬುತ್ತಿದ್ದರು? ಆ ನಡುವೆ ಆಸ್ಪತ್ರೆಯಲ್ಲಿ ಎರಡು ಸಲ ಅಳತೆ ನೋಡಿದರು. ಸ್ವಲ್ಪ ಸುಧಾರಿಸಿದೆ ಎಂದಳು ಹುಡುಗಿ. ಮಗಳು "ಹೂಂ" ಎಂದಳು, ಅಷ್ಟೇ.

ಮೂರನೆಯ ಸಾಲಿನ ಬಲೂನು ಒಂದು ಒಡೆದದ್ದು ಮಳೆ ಶುರುವಾದ ಮೇಲೆ. ಅದಾದ ಕೆಲವು ದಿನಕ್ಕೆ, ಹನ್ನೆರಡು ಗಂಟೆಯ ಹೊತ್ತಿಗೆ, ಬಾಗಿಲಿನ ಹತ್ತಿರ ನಿಂತು ಕೈ ಎತ್ತಿದಾಗ ಬೆರಳಿಗೆ ಗುಂಡಿ ತಣ್ಣಗೆ ಸಿಕ್ಕಿತು. ಹಿಡಿದು ತಿರುಗಿಸಿದೆ. ಎಡಗೈಯಲ್ಲಿ ಬಾಗಿಲು ಎತ್ತಿ ಮೈಯಿಂದ ತಳ್ಳಿದೆ. ಅದು ಏಕಾಏಕಿ ತೆರೆದುಕೊಂಡಿತು. ಮುಗ್ಗರಿಸಿ ಎರಡು ಹೆಜ್ಜೆ ಹೊರಗೆ ಹೋದೆ. ಹಿಂದಿನಿಂದ ಬಾಗಿಲು ತಾನೇ ಬಂದು ಟಕ್ ಎಂದಿತು.

ಕೀಲಿ ಇಲ್ಲ. ಚಪ್ಪಲಿ ಇಲ್ಲ. ಮೈಮೇಲೆ ನೈಟಿ ಮಾತ್ರ.

ಒಂದು ವರ್ಷ ಒಳಗೆ ಸಿಕ್ಕಿಕೊಂಡಿದ್ದವಳು ಈಗ ಹೊರಗೆ ಸಿಕ್ಕಿಕೊಂಡೆ. ನಾಲ್ಕು ಮುಚ್ಚಿದ ಬಾಗಿಲು, ಒಂದು ಲಿಫ್ಟು. ಕೆಳಗೆ ಹೋಗಬಹುದಿತ್ತು. ಈ ಅವತಾರದಲ್ಲಿ ವಾಚ್‌ಮನ್ನಿನ ಎದುರು ಹೋಗಿ ಎಂತ ಮಾಡುವುದು? ಮೆಟ್ಟಿಲಿನ ಮೇಲೆ ಕೂತೆ. ಎರಡೂ ಕೈ ಎದೆಗೆ ಅಡ್ಡ ಇಟ್ಟುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಬಲಗೈ ನೋಯತೊಡಗಿತು, ತೆಗೆದೆ.

ಲಿಫ್ಟು ನಿಂತಿತು. ಎದುರು ಮನೆಯ ಹೆಂಗಸು, ಕೈಯಲ್ಲಿ ತರಕಾರಿಯ ಚೀಲ. ವರ್ಷವಿಡೀ ಜಾಲರಿಯಿಂದ ಅವಳ ಬೆನ್ನು ನೋಡಿದ್ದೆ, ಮಾತಾಡಿರಲಿಲ್ಲ. ಅವಳು ನನ್ನ ಮುಖ ನೋಡಿದಳು, ಎದೆ ನೋಡಿದಳು, ಬೇಗ ನನ್ನ ಕಾಲು ನೋಡಿದಳು. "ಆಂಟಿಜೀ, ಬಾಹರ್ ರಹ್ ಗಯೀ ಕ್ಯಾ?" ಹೊರಗೇ ಉಳಿದುಬಿಟ್ಟಿರಾ, ಎಂದು ಕೇಳಿ ಒಳಗೆ ಓಡಿ ಒಂದು ಕುರ್ಚಿ, ಒಂದು ದುಪಟ್ಟಾ ತಂದಳು.

ಕುರ್ಚಿ ತೆಗೆದುಕೊಂಡೆ. "ದುಪಟ್ಟಾ ನಹೀಂ ಚಾಹಿಯೆ," ಎಂದೆ. "ಗರ್ಮೀ ಹೈ."

ನೋಡುವುದನ್ನು ನೋಡಿಯಾಗಿತ್ತು. ಇನ್ನು ಮುಚ್ಚಿ ಎಂತಕ್ಕೆ? ಅವಳು ನಿಂತುಕೊಂಡೇ ಬಟಾಣಿ ಸುಲಿಯತೊಡಗಿದಳು, ಅರ್ಧ ನನ್ನ ಮಡಿಲಿಗೆ ಹಾಕಿದಳು. ಇಬ್ಬರೂ ಸುಲಿದೆವು. ತನ್ನ ಅತ್ತಿಗೆಗೂ ಹೀಗೇ ಆಗಿತ್ತು ಎಂದಳು. ಈಗ ಹೇಗಿದ್ದಾಳೆ ಎಂದು ಕೇಳಿದೆ. ಅವಳು ಬಟಾಣಿ ನೋಡಿದಳು. ನಾನು ಇನ್ನೊಂದು ಕೋಡು ತೆಗೆದುಕೊಂಡೆ.

ಎರಡೂವರೆಗೆ ಮೊಮ್ಮಗಳು ಲಿಫ್ಟಿನಿಂದ ಹೊರಬಂದವಳು ಬಾಯಿ ತೆರೆದು ನಿಂತಳು. "ಅಮ್ಮಮ್ಮಾ! ಬಾಹರ್ ಕೈಸೇ ಆಯೀ?" ಹೊರಗೆ ಹೇಗೆ ಬಂದೆ ಎಂದು.

"ಬಾಗಿಲಿನಿಂದ," ಎಂದೆ.

ಸಂಜೆ ಮೊಮ್ಮಗಳು ಅಮ್ಮನ ಎದುರು ಬಾಯಿ ಬಿಟ್ಟಳು. ಮಗಳು ನಂಬಲಿಲ್ಲ. "ಇದ್ರಲ್ಲಿ ಎಲ್ಲಿ ಸೆರಗು ಇಟ್ಟಿದ್ದೆ?" ಎಂದಳು. ನನಗೆ ಬೈಯಬೇಕೆನ್ನಿಸಿತು, ಆದರೆ ಆ ಮಾತು ನಾನೇ ಗಳಿಸಿದ್ದು. ಎದ್ದೆ. ಅಳಿಯ ಅಲ್ಲೇ ಸೋಫಾದ ಮೇಲೆ ಇದ್ದ. ಬಲ ಹೆಗಲಿನ ಮೇಲಿನ ಸೆರಗು ತೆಗೆದು ಎಡ ಹೆಗಲಿನ ಹಿಂದಕ್ಕೆ ಎಸೆದೆ, ಎಲ್ಲ ಹೆಂಗಸರು ಉಡುವ ಹಾಗೆ. ಬಾಗಿಲಿಗೆ ಹೋಗಿ, ಎಡಗೈ ಕೆಳಗೆ, ಬಲಗೈ ಮೇಲೆ. ಮೊದಲ ಸಲ ಬೆರಳು ಜಾರಿತು. ಎರಡನೆಯ ಸಲ ಗುಂಡಿ ತಿರುಗಿತು.

ಮಗಳು ಬಂದು ಬಾಗಿಲನ್ನು ಮತ್ತೆ ಎಳೆದು ಹಾಕಿದಳು. "ಇನ್ನೊಂದು ಸಲ," ಎಂದಳು. ತೆಗೆದೆ. ಆಗ ಅವಳು ತನ್ನ ಕೋಣೆಗೆ ಹೋಗಿ ಡೊಂಬಿವಲಿಯ ಕೀಲಿ ತಂದು ಊಟದ ಮೇಜಿನ ಮೇಲೆ ಇಟ್ಟಳು. ಕೈಯಲ್ಲಿ ಕೊಡಲಿಲ್ಲ. ನಾನೂ ಆಗಲೇ ತೆಗೆದುಕೊಳ್ಳಲಿಲ್ಲ, ಬೆಳಿಗ್ಗೆ ತೆಗೆದುಕೊಂಡೆ.

ಆ ಬೆಳಿಗ್ಗೆಯೇ ಅಳಿಯ ಬಡಗಿಯನ್ನು ಕರೆಸಿದ. "ನೀವು ಹೊರಗೆ ಸಿಕ್ಕಾಕೊಂಡ್ರಿ ಅಂದಾಗ ಎದೆ ಝಲ್ ಅಂತು ಅತ್ತೆ," ಎಂದ. ಬಡಗಿ ನಾಲ್ಕು ಸ್ಕ್ರೂ ಬಿಚ್ಚಿ ಬೀಗವನ್ನು ನನ್ನ ಸೊಂಟದ ಮಟ್ಟಕ್ಕೆ ಇಳಿಸಿದ. ಬಾಗಿಲಿನ ಕೀಲುಗಳನ್ನೂ ಬಿಗಿ ಮಾಡಿದ. ಅವನಿಗೆ ಕೊಟ್ಟ ಚಹಾ ಆರುವ ಮೊದಲು ಕೆಲಸ ಮುಗಿದಿತ್ತು. ನಾನು ಮೇಲಿನ ನಾಲ್ಕು ತೂತುಗಳನ್ನು ನೋಡುತ್ತ ನಿಂತೆ. ಒಂದು ವರ್ಷ. ಅವರಿಗೂ ಅಷ್ಟು ಸುಲಭವೆಂದು ಹೊಳೆಯಲಿಲ್ಲ, ನನಗೂ ಎರಡನೆಯ ಸಲ ಕೇಳಬೇಕೆಂದು ಹೊಳೆಯಲಿಲ್ಲ. ಬೈಯಲು ಯಾರೂ ಸಿಗಲಿಲ್ಲ.

ಆ ಭಾನುವಾರ ಡೊಂಬಿವಲಿಗೆ ಬಂದವಳು ಇಲ್ಲೇ ಇದ್ದೇನೆ. ಪೆಟ್ಟಿಗೆ ಅಲ್ಲೇ ಉಳಿಯಿತು, ಆದರೆ ದಾರ ನನ್ನ ಜೊತೆ ಬಂತು. ನಾಲ್ಕು ದಿನ ಸುಮ್ಮನಿದ್ದರೆ ಮತ್ತೆ ಎಳೆಯುತ್ತದೆ. ಸಾಯುವವರೆಗೆ ಎಳೆಯುತ್ತದೆ ಎಂದಿದ್ದಾಳೆ ಆ ಹುಡುಗಿ. ಅದರಿಂದ ಬಿಡುಗಡೆಯಿಲ್ಲ. ಸೀರೆ ಸರಳು ದಾಟುವುದು ಎರಡನೆಯ ಸಲಕ್ಕೆ, ಕೆಲವು ದಿನ ಮೂರನೆಯ ಸಲಕ್ಕೆ. ಕಲಬುರ್ಗಿಯಾಕೆ ಆ ಹೊತ್ತಿಗೆ ಕುರ್ಚಿ ದೂರ ಎಳೆದುಕೊಂಡು ಕೂರುತ್ತಾಳೆ.

ಬೆಳಿಗ್ಗೆ ಎದ್ದ ಕೂಡಲೇ ಗೋಡೆಗೆ ಎದುರಾಗಿ ನಿಂತು ಬೆರಳು ಹತ್ತಿಸುತ್ತೇನೆ. ಮುಟ್ಟಿದಲ್ಲಿ ಪೆನ್ಸಿಲಿನಲ್ಲಿ ಗೆರೆ ಹಾಕುತ್ತೇನೆ. ಗೋಡೆ ತುಂಬ ಗೆರೆಗಳಾಗಿವೆ. ಇಲ್ಲಿ ಯಾರೂ ಒರೆಸುವುದಿಲ್ಲ.